ಹೆಬ್ಬೆರಳಿಗೆ ಸಿಕ್ಕಿದ ಬೆಳಕು

ಕೈಯಲ್ಲಿ ಹಿಡಿದು ನಡೆಯುವ ವಿದ್ಯುದ್ದೀಪ ಒಂದೇ. ಅದಕ್ಕೆ ಹೆಸರು ಮಾತ್ರ ಮೂರು. ಅಮೆರಿಕದವರು ಅದನ್ನು ಫ್ಲ್ಯಾಶ್‌ಲೈಟ್ ಎಂದರು. ಅಂದರೆ ಮಿಂಚಿ ಮರೆಯಾಗುವ ಬೆಳಕು. ಇಂಗ್ಲೆಂಡಿನವರು ಪಂಜಿಗೆ ತಮ್ಮಲ್ಲಿದ್ದ ಹಳೆಯ ಹೆಸರನ್ನೇ ಇದಕ್ಕೂ ಕೊಟ್ಟು ಟಾರ್ಚ್ ಎಂದರು. ನಮ್ಮ ಹಳ್ಳಿಗಳಲ್ಲಿ ಅದು ಬ್ಯಾಟರಿ. ‘ಬ್ಯಾಟರಿ ಬಿಡು’ ಎಂದರೆ ಬೆಳಕು ಹಾಯಿಸು ಎಂದರ್ಥ. ಒಳಗೆ ತುಂಬುವ ಬ್ಯಾಟರಿಗೆ ಸೆಲ್ಲು ಅಥವಾ ಶೆಲ್ಲು ಎಂಬ ಬೇರೆ ಹೆಸರು ಇರುವುದರಿಂದ ಯಾರಿಗೂ ಗೊಂದಲವಾಗಿಲ್ಲ.

ಈ ಮೂರರಲ್ಲಿ ವಿಚಿತ್ರವಾಗಿ ತೋರುವುದು ಮೊದಲನೆಯದು. ದಾರಿ ತೋರಬೇಕಾದ ದೀಪ ಒಮ್ಮೆ ಮಿಂಚಿ ಆರಿಹೋದರೆ ಅದನ್ನು ಕೊಳ್ಳುವವರು ಯಾರು? ಆದರೂ ಆ ಹೆಸರು ಸುಮ್ಮನೆ ಬಂದದ್ದಲ್ಲ. ಮೊದಮೊದಲ ಟಾರ್ಚುಗಳು ನಿಜಕ್ಕೂ ಮಿಂಚುತ್ತಿದ್ದವು, ಅಷ್ಟೆ. ಅಲ್ಲಿಂದ ಇಲ್ಲಿಯವರೆಗೆ ಟಾರ್ಚಿನ ಬೆಳಕು ನೂರಾರು ಪಟ್ಟು ಹೆಚ್ಚಿದೆ. ಆದರೆ ಆ ಬೆಳಕನ್ನು ಕೈಗೆ ಒಪ್ಪಿಸುವ ಗುಂಡಿಯ ಕತೆ ಅಷ್ಟು ನೇರವಾಗಿ ಮೇಲೇರಿ ಬಂದಿಲ್ಲ. ಟಾರ್ಚನ್ನು ಕೊಳ್ಳುವಾಗ ಎಲ್ಲರೂ ಕೇಳುವುದು ‘ಬೆಳಕು ಎಷ್ಟು ದೂರ ಹೋಗುತ್ತದೆ’ ಎಂದು. ಕತ್ತಲೆಯಲ್ಲಿ ಅದನ್ನು ಹತ್ತಿಸುವ ಬಗೆ ಹೇಗೆ ಎಂದು ಕೇಳುವವರು ಕಡಿಮೆ. ನಿಜವಾದ ವ್ಯತ್ಯಾಸ ಇರುವುದು ಅಲ್ಲಿಯೇ.

ಬೀಸುವ ಕೈ, ತಿರುಗಿಸುವ ಕೈ

ಟಾರ್ಚಿಗಿಂತ ಮುಂಚೆ ಇರುಳ ದಾರಿಯಲ್ಲಿ ನಡೆಯುವವರ ಕೈಯಲ್ಲಿ ಇದ್ದುದು ಬೆಂಕಿ. ಕರಾವಳಿಯಲ್ಲಿ ಒಣಗಿದ ತೆಂಗಿನ ಗರಿಗಳನ್ನು ಕಟ್ಟಿ ಮಾಡಿದ ಸೂಟೆ, ಮಲೆನಾಡಿನಲ್ಲಿ ದೊಂದಿ, ಮಿಕ್ಕ ಕಡೆ ಎಣ್ಣೆಬಟ್ಟೆ ಸುತ್ತಿದ ಪಂಜು. ಇವುಗಳಿಗೆ ಗುಂಡಿಯಿಲ್ಲ ನಿಜ. ಹಾಗೆಂದು ನಿಯಂತ್ರಣವೇ ಇರಲಿಲ್ಲ ಎನ್ನುವಂತಿಲ್ಲ. ಸೂಟೆಯನ್ನು ಬೀಸುತ್ತ ನಡೆದರೆ ಗಾಳಿ ತಗುಲಿ ಉರಿ ಏಳುತ್ತದೆ. ಬೀಸುವುದನ್ನು ನಿಲ್ಲಿಸಿದರೆ ಕೆಂಡ ಮಾತ್ರ ಉಳಿಯುತ್ತದೆ. ನೆಲಕ್ಕೆ ಒತ್ತಿದರೆ ಆರುತ್ತದೆ. ಬೇಕಾದಾಗ ಹೆಚ್ಚು, ಬೇಡವಾದಾಗ ಕಡಿಮೆ ಬೆಳಕು ಪಡೆಯುವ ಉಪಾಯ ತೋಳಿನ ಬೀಸಿನಲ್ಲಿಯೇ ಇತ್ತು.

ಆಮೇಲೆ ಬಂದ ಲಾಟೀನಿನಲ್ಲಿ ಆ ಕೆಲಸ ಪಕ್ಕದ ಸಣ್ಣ ತಿರುಪಿಗೆ ಬಂತು. ತಿರುಗಿಸಿದರೆ ಬತ್ತಿ ಏರುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಮಲಗುವ ಮುನ್ನ ಬತ್ತಿಯನ್ನು ಇಳಿಸಿ ಸಣ್ಣಗೆ ಉರಿಯಲು ಬಿಡುವುದು ಮನೆಮನೆಯ ವಾಡಿಕೆಯಾಗಿತ್ತು. ಬೆಳಕಿನ ಪ್ರಮಾಣ ಹೀಗೆ ಕೈಯಲ್ಲಿದ್ದರೂ ಒಂದು ಕೊರತೆ ಮಾತ್ರ ಉಳಿದೇ ಇತ್ತು. ಆರಿದ್ದನ್ನು ಹತ್ತಿಸಲು ಬೆಂಕಿಪೊಟ್ಟಣ ಹುಡುಕಬೇಕು, ಗಾಜನ್ನು ಎತ್ತಬೇಕು, ಗಾಳಿಗೆ ಕೈ ಅಡ್ಡ ಹಿಡಿಯಬೇಕು. ಕಾಲ ಬಳಿ ಏನೋ ಸರಿದಂತಾದಾಗ ಇಷ್ಟಕ್ಕೆಲ್ಲ ವ್ಯವಧಾನ ಎಲ್ಲಿಂದ ಬರಬೇಕು?

ಮಿಂಚಿ ಆರಿದ ಮೊದಲ ದೀಪ

ಆ ಕೊರತೆಯನ್ನು ತುಂಬಿದ್ದು ವಿದ್ಯುತ್ತು; ಅದನ್ನು ಜೇಬಿಗೆ ಇಳಿಸಿದ್ದು ಒಣಸೆಲ್ಲು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಕೋಶದಲ್ಲಿ ದ್ರವ ತುಂಬಿರುತ್ತಿತ್ತು. ಅಲುಗಿಸಿದರೆ ಚೆಲ್ಲುವ ಭಯ. ಜರ್ಮನಿಯ ಕಾರ್ಲ್ ಗ್ಯಾಸ್ನರ್ 1886ರಲ್ಲಿ ಆ ದ್ರವದ ಬದಲಿಗೆ ಹಿಟ್ಟಿನಂಥ ಮಿಶ್ರಣ ತುಂಬಿ, ಸತುವಿನ ಡಬ್ಬಿಯನ್ನೇ ಕೋಶದ ಒಂದು ಧ್ರುವವನ್ನಾಗಿ ಮಾಡಿದ. ಹೇಗೆ ಹಿಡಿದರೂ ಚೆಲ್ಲದ ಈ ಸೆಲ್ಲು ಸಿಕ್ಕಿದ ಮೇಲೆ ಕೈದೀಪಕ್ಕೆ ದಾರಿ ತೆರೆಯಿತು.

1899ರ ಜನವರಿ 10ರಂದು ಡೇವಿಡ್ ಮಿಸೆಲ್ ಎಂಬ ಇಂಗ್ಲಿಷ್ ಸಂಶೋಧಕನಿಗೆ ಅಮೆರಿಕದಲ್ಲಿ ಇಂಥ ದೀಪದ ಪೇಟೆಂಟ್ ಸಿಕ್ಕಿತು. ಒಂದು ಕೊಳವೆ, ಅದರಲ್ಲಿ ಒಂದರ ಹಿಂದೆ ಒಂದರಂತೆ ಸೆಲ್ಲು, ತುದಿಯಲ್ಲಿ ಬುರುಡೆ, ಅದರ ಸುತ್ತ ಬೆಳಕನ್ನು ಮುಂದಕ್ಕೆ ದೂಡುವ ಬಟ್ಟಲು. ಇಂದಿಗೂ ಟಾರ್ಚಿನ ರೂಪ ಇದೇ. ಆ ಪೇಟೆಂಟನ್ನು ಪಡೆದುಕೊಂಡ ಕಂಪನಿಯ ಒಡೆಯ ಕಾನ್ರಾಡ್ ಹ್ಯೂಬರ್ಟ್, ಮಿನ್ಸ್ಕ್ ಕಡೆಯಿಂದ ನ್ಯೂಯಾರ್ಕಿಗೆ ವಲಸೆ ಬಂದವನು. ಅವನು ಕೆಲವು ದೀಪಗಳನ್ನು ನ್ಯೂಯಾರ್ಕಿನ ಪೊಲೀಸರಿಗೆ ಉಚಿತವಾಗಿ ಕೊಟ್ಟು ಅವರ ಮೆಚ್ಚುಗೆಯನ್ನೇ ಜಾಹೀರಾತಾಗಿ ಬಳಸಿಕೊಂಡ. ‘ಎವರ್ ರೆಡಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿಯೇ.

‘ಸದಾ ಸಿದ್ಧ’ ಎಂದು ಹೆಸರಿಟ್ಟರೂ ದೀಪ ಸದಾ ಉರಿಯುವಂತಿರಲಿಲ್ಲ. ಬುರುಡೆಯ ಇಂಗಾಲದ ತಂತಿ ವಿಪರೀತ ವಿದ್ಯುತ್ತನ್ನು ಬೇಡುತ್ತಿತ್ತು. ಸೆಲ್ಲಿಗೋ ಬಿಡುವು ಬೇಕು. ವಿದ್ಯುತ್ತು ಹರಿಯುವಾಗ ಒಳಗಿನ ಇಂಗಾಲದ ಕಡ್ಡಿಯ ಬಳಿ ಜಲಜನಕ ಸೇರಿಕೊಳ್ಳುತ್ತದೆ. ಅದನ್ನು ಸುತ್ತಲಿನ ಮ್ಯಾಂಗನೀಸ್ ಡೈಆಕ್ಸೈಡ್ ನಿಧಾನವಾಗಿ ತೊಡೆದುಹಾಕಬೇಕು. ಬಿಡುವು ಕೊಡದೆ ಉರಿಸಿದರೆ ಬೆಳಕು ಕುಗ್ಗುತ್ತದೆ. ಹೀಗಾಗಿ ಆ ಕಾಲದ ಟಾರ್ಚುಗಳಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಉರಿಯುವ ಏರ್ಪಾಡು. ಕೊಳವೆಯ ಮೇಲಿನ ಲೋಹದ ಉಂಗುರವನ್ನು ಬೆರಳಿನಿಂದ ಒತ್ತಿ ಕೆಳಗಿನ ಪಟ್ಟಿಗೆ ತಾಗಿಸಿದರೆ ಬೆಳಕು, ಬಿಟ್ಟರೆ ಕತ್ತಲೆ. ಫ್ಲ್ಯಾಶ್‌ಲೈಟ್ ಎಂಬ ಹೆಸರಿನ ಗುಟ್ಟು ಇಷ್ಟೆ. ಸೆಲ್ಲಿನ ದೌರ್ಬಲ್ಯವೇ ಗುಂಡಿಯ ಸ್ವಭಾವವನ್ನು ಗೊತ್ತುಮಾಡಿತ್ತು.

ಜಾರುಗುಂಡಿಯ ಕಾಲ

1910ರ ನಂತರ ಬುರುಡೆಗಳಲ್ಲಿ ಟಂಗ್‌ಸ್ಟನ್ ತಂತಿ ಬಳಕೆಗೆ ಬಂತು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಸಿಕ್ಕಿ, ಸೆಲ್ಲುಗಳೂ ಸುಧಾರಿಸಿದ ಮೇಲೆ ಟಾರ್ಚನ್ನು ಹತ್ತಿಸಿಯೇ ನಡೆಯುವುದು ಸಾಧ್ಯವಾಯಿತು. ಆಗ ಬೆರಳಿಗೆ ದಣಿವಾಗದಂಥ ಗುಂಡಿ ಬೇಕಾಯಿತು. ಹೀಗೆ ನೆಲೆಯಾದದ್ದೇ ಜಾರುಗುಂಡಿ.

ಭಾರತದಲ್ಲಿ ಎವರ್ ರೆಡಿ ಕಂಪನಿ ನೋಂದಣಿಯಾದದ್ದು 1934ರಲ್ಲಿ. 1939ರಲ್ಲಿ ಕಲ್ಕತ್ತೆಯ ಕಾಶೀಪುರದಲ್ಲಿ, 1952ರಲ್ಲಿ ಮದ್ರಾಸಿನಲ್ಲಿ ಸೆಲ್ಲಿನ ಕಾರ್ಖಾನೆಗಳಾದವು. 1958ರಲ್ಲಿ ಲಖನೌದಲ್ಲಿ ಟಾರ್ಚಿನ ಕಾರ್ಖಾನೆ ಶುರುವಾಯಿತು. ಮಾರನೆಯ ವರ್ಷ ಈ ಕಂಪನಿ ಯೂನಿಯನ್ ಕಾರ್ಬೈಡ್ ಇಂಡಿಯಾ ಎಂಬ ಹೆಸರು ತಳೆಯಿತು. ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ 1984ರ ಡಿಸೆಂಬರಿನಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತಾಗ ಜಗತ್ತಿಗೆಲ್ಲ ಪರಿಚಿತವಾದದ್ದು ಇದೇ ಹೆಸರು. ಕಂಪನಿ ಕೈ ಬದಲಾಗಿ, 1995ರಲ್ಲಿ ಎವರೆಡಿ ಇಂಡಸ್ಟ್ರೀಸ್ ಎಂಬ ಹೆಸರು ಬಂತು.

ನಮ್ಮ ಮನೆಗಳ ಗೋಡೆಯ ಮೊಳೆಗೆ ನೇತುಬಿದ್ದಿದ್ದ ಹೊಳೆಯುವ ಲೋಹದ ಟಾರ್ಚಿನ ಗುಂಡಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಹಿಂದಕ್ಕೆ ಎಳೆದರೆ ಆರುತ್ತಿತ್ತು. ಮುಂದಕ್ಕೆ ತಳ್ಳಿದರೆ ಹತ್ತಿಕೊಂಡೇ ಇರುತ್ತಿತ್ತು. ನಡುವೆ ನಿಲ್ಲಿಸಿ, ಮೇಲಿನ ಪುಟ್ಟ ಗುಂಡಿಯನ್ನು ಒತ್ತಿದರೆ ಒತ್ತಿದಷ್ಟು ಹೊತ್ತು ಮಾತ್ರ ಬೆಳಕು. ಆ ಹಳೆಯ ಮಿಂಚುವಿಕೆ ಇಲ್ಲಿಯೂ ಉಳಿದುಕೊಂಡಿತ್ತು ಎಂಬುದನ್ನು ಗಮನಿಸಬೇಕು. ಗದ್ದೆಯ ಆಚೆ ದಡದಲ್ಲಿರುವವರಿಗೆ ಸನ್ನೆ ಮಾಡಲು, ಸೆಲ್ಲು ಉಳಿಸಿಕೊಂಡು ನಾಲ್ಕು ಹೆಜ್ಜೆಗೊಮ್ಮೆ ದಾರಿ ನೋಡಿಕೊಳ್ಳಲು ಅದು ಬೇಕಾಗಿತ್ತು.

ಒಳಗಿನ ಕೆಲಸವೂ ಸರಳ. ಕೆಳಗಿನ ಸ್ಪ್ರಿಂಗು ಸೆಲ್ಲಿನ ತಳಕ್ಕೆ ತಾಗುತ್ತದೆ, ಸ್ಪ್ರಿಂಗಿನಿಂದ ವಿದ್ಯುತ್ತಿನ ದಾರಿ ಟಾರ್ಚಿನ ಮೈಗೆ ಕೂಡುತ್ತದೆ, ಜಾರುಗುಂಡಿಯ ಅಡಿಯ ತಗಡಿನ ಪಟ್ಟಿ ಆ ಮೈಯನ್ನು ಬುರುಡೆಗೆ ಸೇರಿಸುತ್ತದೆ. ಕೆಟ್ಟರೆ ಮನೆಯವರೇ ಬಿಚ್ಚಿ, ತಗಡಿನ ಕಿಲುಬನ್ನು ಉಜ್ಜಿ, ಸ್ಪ್ರಿಂಗನ್ನು ಎಳೆದು ಸರಿಮಾಡುತ್ತಿದ್ದರು. ಪ್ರಯಾಣ ಹೊರಟಾಗ ಚೀಲದಲ್ಲಿ ತಾನಾಗಿ ಹತ್ತದಿರಲೆಂದು ಒಂದು ಸೆಲ್ಲನ್ನು ತಲೆಕೆಳಗಾಗಿ ಹಾಕಿಡುವುದೂ ಉಂಟು. ಮುಖ್ಯವಾದ ಮಾತೆಂದರೆ, ಟಾರ್ಚು ಹತ್ತಿದೆಯೋ ಆರಿದೆಯೋ ಎಂಬುದನ್ನು ಕಣ್ಣಿನಿಂದ ನೋಡಬೇಕಾಗಿರಲಿಲ್ಲ. ಗುಂಡಿ ಎಲ್ಲಿ ನಿಂತಿದೆ ಎಂದು ಹೆಬ್ಬೆರಳಿಗೆ ತಿಳಿಯುತ್ತಿತ್ತು.

ಯುದ್ಧ ಕಲಿಸಿದ ಪಾಠ

ಗುಂಡಿಯ ಮಹತ್ವವನ್ನು ಹೆಚ್ಚು ಚೆನ್ನಾಗಿ ಅರಿತವರು ಸೈನಿಕರು. ಅವರಿಗೆ ಬೆಳಕು ಬೇಡವಾದಾಗ ಹತ್ತುವುದು, ಬೇಕಾದಾಗ ಹತ್ತದಿರುವಷ್ಟೇ ಅಪಾಯ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಟಿಎಲ್-122 ಎಂಬ ಟಾರ್ಚಿನ ತಲೆ ಕತ್ತು ಹೊರಳಿಸಿದಂತೆ ಪಕ್ಕಕ್ಕೆ ತಿರುಗಿರುತ್ತಿತ್ತು. ನಡುಪಟ್ಟಿಗೋ ಅಂಗಿಗೋ ಸಿಕ್ಕಿಸಿಕೊಂಡರೆ ಎರಡು ಕೈಗಳೂ ಬಿಡುವು. ಜಾರುಗುಂಡಿಯ ಜೊತೆಗೆ ಸಂಕೇತ ಕಳಿಸಲು ಬೇರೆ ಒತ್ತುಗುಂಡಿ. ಇದರ ಮುಂದಿನ ಪೀಳಿಗೆಯ ಟಾರ್ಚುಗಳಲ್ಲಿ ಗುಂಡಿಯ ಸುತ್ತ ಸಣ್ಣ ಕಟ್ಟೆಯನ್ನೇ ಕಟ್ಟಿದರು. ಪೊದೆಯಲ್ಲಿ ತೆವಳುವಾಗ ಕೊಂಬೆ ತಾಗಿ ದೀಪ ಹತ್ತಬಾರದಲ್ಲ!

ಅದೇ ಯುದ್ಧದಲ್ಲಿ ಲಂಡನ್ನಿನ ಜನರಿಗೆ ರಾತ್ರಿಯ ಕತ್ತಲೆ ಕಡ್ಡಾಯವಾಗಿತ್ತು. ಟಾರ್ಚಿನ ಬಾಯಿಗೆ ತೆಳುಕಾಗದ ಕಟ್ಟಿ, ನೆಲದತ್ತ ಹಿಡಿದು ನಡೆಯಬೇಕಿತ್ತು. ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ಸೆಲ್ಲಿಲ್ಲದ ಫಿಲಿಪ್ಸ್ ಟಾರ್ಚು ಬಳಕೆಯಲ್ಲಿತ್ತು. ಹಿಡಿಯನ್ನು ಮತ್ತೆ ಮತ್ತೆ ಅದುಮಿದರೆ ಒಳಗಿನ ಡೈನಮೊ ಗುರುಗುಟ್ಟುತ್ತ ತಿರುಗಿ ಬೆಳಕು ಕೊಡುತ್ತಿತ್ತು. ಜನ ಅದಕ್ಕೆ ಇಟ್ಟ ಅಡ್ಡಹೆಸರು ‘ಅದುಮುವ ಬೆಕ್ಕು’. ಬಲವಾಗಿ ಅದುಮಿದರೆ ಹೆಚ್ಚು ಬೆಳಕು, ಕೈ ನಿಂತರೆ ಕತ್ತಲೆ. ಬೀಸಿದಂತೆ ಉರಿಯುವ ಸೂಟೆಯ ನಂಟಸ್ತಿಕೆ ಇಲ್ಲಿ ಕಾಣುವುದಿಲ್ಲವೆ?

ತಿರುಗಿಸುವುದೋ, ಒತ್ತುವುದೋ?

ಯುದ್ಧದ ನಂತರದ ದಶಕಗಳಲ್ಲಿ ಗುಂಡಿಯನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಬಂದವು. ಅಮೆರಿಕದಲ್ಲಿ ಆಂಟನಿ ಮ್ಯಾಗ್ಲಿಕಾ 1979ರಲ್ಲಿ ಮಾರುಕಟ್ಟೆಗೆ ತಂದ ಮ್ಯಾಗ್‌ಲೈಟ್ ಟಾರ್ಚಿನಲ್ಲಿ ಜಾರುಗುಂಡಿ ಹೋಗಿ ರಬ್ಬರು ಹೊದಿಸಿದ ಒತ್ತುಗುಂಡಿ ಬಂತು. ನೀರು, ಧೂಳು ಒಳಗೆ ನುಗ್ಗುವಂತಿಲ್ಲ. 1984ರಲ್ಲಿ ಬಂದ ಅದರ ಪುಟ್ಟ ತಮ್ಮನಲ್ಲಿ ಗುಂಡಿಯೇ ಇಲ್ಲ. ತಲೆಯನ್ನು ತಿರುಗಿಸಿದರೆ ಹತ್ತುತ್ತದೆ. ಇನ್ನೂ ತಿರುಗಿಸಿದರೆ ಬೆಳಕು ಅಗಲವಾಗಿಯೋ ಕಿರಿದಾಗಿಯೋ ಬೀಳುತ್ತದೆ. ಗುಂಡಿ ಇಲ್ಲವಾದ್ದರಿಂದ ಕೆಡುವ ಭಾಗ ಕಡಿಮೆ. ಆದರೆ ಹತ್ತಿಸಲು ಎರಡು ಕೈ ಬೇಕು. ಮಗುವನ್ನೋ ಕೊಡವನ್ನೋ ಹಿಡಿದವರಿಗೆ ಇದು ತೊಡಕು.

ಪೊಲೀಸರಿಗಾಗಿ ತಯಾರಾದ ಟಾರ್ಚುಗಳಲ್ಲಿ ಗುಂಡಿ ಬುಡಕ್ಕೆ ಹೋಯಿತು. ಮುಷ್ಟಿ ಬಿಗಿಹಿಡಿದು ಹೆಬ್ಬೆರಳನ್ನು ಹಿಂಬದಿಗೆ ಒತ್ತಿದರೆ ಬೆಳಕು. ಗುಂಡಿಯನ್ನು ಹುಡುಕಬೇಕಾಗಿಲ್ಲ, ಏಕೆಂದರೆ ಟಾರ್ಚಿಗೆ ಇರುವುದು ಒಂದೇ ಬುಡ. ಆದರೆ ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಬುಡಗುಂಡಿಗಳಲ್ಲಿಯೂ ಎರಡು ಜಾತಿಗಳಿವೆ. ಒಂದರಲ್ಲಿ ಅರ್ಧ ಒತ್ತಿದೊಡನೆ ಬೆಳಕು ಬರುತ್ತದೆ, ಬಿಟ್ಟರೆ ಹೋಗುತ್ತದೆ. ‘ಟಕ್’ ಎನ್ನುವವರೆಗೆ ಒತ್ತಿದರೆ ನಿಲ್ಲುತ್ತದೆ. ಇನ್ನೊಂದರಲ್ಲಿ ‘ಟಕ್’ ಎಂದು ಒತ್ತಿ ಬೆರಳನ್ನು ಸಡಿಲಿಸಿದ ಮೇಲೆಯೇ ಬೆಳಕು. ಇದರಲ್ಲಿ ಅರ್ಧ ಒತ್ತುವುದು, ಹತ್ತಿದ ದೀಪದ ಪ್ರಮಾಣವನ್ನು ಬದಲಿಸಲು ಮಾತ್ರ. ಮೊದಲನೆಯದು ಅವಸರಕ್ಕೆ ಒಳ್ಳೆಯದು. ಎರಡನೆಯದು ಬೆಳಕನ್ನು ಹೆಚ್ಚು ಕಡಿಮೆ ಮಾಡುವವರಿಗೆ ಅನುಕೂಲ. ಅಂಗಡಿಯಲ್ಲಿ ಒಂದು ಸಲ ಒತ್ತಿ ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಡಬ್ಬಿಯ ಮೇಲಿನ ಚಿತ್ರ ನೋಡಿದರೆ ತಿಳಿಯುವುದಿಲ್ಲ.

ಒತ್ತಿದ್ದನ್ನು ಎಣಿಸುವ ಟಾರ್ಚು

ನಿಜವಾದ ತಿರುವು ಬಂದದ್ದು ಎಲ್‌ಇಡಿಯಿಂದ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರಾ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದರು. ಅದಕ್ಕೆ ಹಳದಿ ಹೊಳಪಿನ ಲೇಪ ಸೇರಿಸಿ 1996ರಲ್ಲಿ ಅದೇ ಕಂಪನಿ ಬಿಳಿ ಎಲ್‌ಇಡಿಯನ್ನು ಹೊರತಂದಿತು. ಅಕಸಾಕಿ, ಅಮಾನೊ ಅವರೊಂದಿಗೆ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಬುರುಡೆ ಸುಟ್ಟುಹೋಗುವ, ಬಿದ್ದರೆ ತಂತಿ ತುಂಡಾಗುವ ಕಾಟ ತಪ್ಪಿತು. ಅಷ್ಟೇ ವಿದ್ಯುತ್ತಿನಲ್ಲಿ ಹಲವು ಪಟ್ಟು ಬೆಳಕು ಸಿಕ್ಕಿತು.

ಲಾಭದ ಜೊತೆಗೆ ಎರಡು ಬದಲಾವಣೆಗಳು ಸದ್ದಿಲ್ಲದೆ ಬಂದವು. ಹಳೆಯ ಬುರುಡೆ ಸೆಲ್ಲು ಮುಗಿಯುತ್ತ ಬಂದಂತೆ ಕೆಂಪಾಗುತ್ತಿತ್ತು. ‘ಬೆಳಕು ಕೆಂಪಗಾಯಿತು’ ಎಂದರೆ ಸೆಲ್ಲು ತರಬೇಕೆಂದು ಮನೆಯವರಿಗೆಲ್ಲ ಅರ್ಥವಾಗುತ್ತಿತ್ತು. ಅಂಗಡಿಗೆ ಹೋಗುವವರೆಗೆ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದೆರಡು ರಾತ್ರಿ ನೂಕುತ್ತಿದ್ದರು. ಒಳಗಿನ ರಾಸಾಯನಿಕ ಕ್ರಿಯೆ ಬಿಸಿಗೆ ಕೊಂಚ ಚುರುಕಾಗುವುದರಿಂದ ಆ ಉಪಾಯ ಸ್ವಲ್ಪ ಫಲಿಸುತ್ತಲೂ ಇತ್ತು. ಬೆಳಕನ್ನು ಒಂದೇ ಸಮನಾಗಿ ಕಾಯುವ ಸರ್ಕ್ಯೂಟು ಇರುವ ಎಲ್‌ಇಡಿ ಟಾರ್ಚು ಹೀಗೆ ಮುನ್ಸೂಚನೆ ಕೊಡುವುದಿಲ್ಲ. ಕೊನೆಯವರೆಗೂ ಬೆಳ್ಳಗೆ ಉರಿದು ತಟ್ಟನೆ ಕುಸಿಯುವುದುಂಟು. ಆದ್ದರಿಂದ ಒಳ್ಳೆಯ ತಯಾರಕರು ಗುಂಡಿಯ ಬಳಿ ಎಚ್ಚರಿಕೆಯ ಸಣ್ಣ ದೀಪವೊಂದನ್ನು ಇಡುತ್ತಾರೆ.

ಎರಡನೆಯದು ಗುಂಡಿಗೆ ಸಂಬಂಧಿಸಿದ್ದು. ಎಲ್‌ಇಡಿಯ ಬೆಳಕನ್ನು ಸಾಮಾನ್ಯವಾಗಿ ಒಂದು ಚಿಪ್ಪು ಹತೋಟಿಯಲ್ಲಿಡುತ್ತದೆ. ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಹತ್ತಿಸಿ ಆರಿಸುತ್ತಲೋ, ಹರಿಯುವ ವಿದ್ಯುತ್ತನ್ನೇ ಅಳೆದು ಬಿಡುತ್ತಲೋ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತದೆ. ಚಿಪ್ಪು ಬಂದ ಮೇಲೆ ಗುಂಡಿಯ ಅರ್ಥವೇ ಬದಲಾಯಿತು. ಜಾರುಗುಂಡಿ ವಿದ್ಯುತ್ತಿನ ದಾರಿಯನ್ನು ತಾನೇ ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಈಗಿನ ಎಷ್ಟೋ ಗುಂಡಿಗಳು ಚಿಪ್ಪಿಗೆ ಸಂದೇಶ ಕಳಿಸುತ್ತವೆ, ಅಷ್ಟೆ. ಎಷ್ಟು ಸಲ ಒತ್ತಿದರು, ಎಷ್ಟು ಹೊತ್ತು ಹಿಡಿದರು ಎಂದು ಎಣಿಸಿ ಚಿಪ್ಪು ತೀರ್ಮಾನಿಸುತ್ತದೆ.

ಇದರಿಂದ ಒಂದು ಗುಂಡಿಗೆ ಹತ್ತು ಕೆಲಸ ಹೊರಿಸುವುದು ಅಗ್ಗವಾಯಿತು. ಪೇಟೆಯಲ್ಲಿ ಸಿಗುವ ಎಷ್ಟೋ ಟಾರ್ಚುಗಳಲ್ಲಿ ಮೊದಲ ಸಲ ಒತ್ತಿದರೆ ಪ್ರಖರ, ಎರಡನೆಯ ಸಲಕ್ಕೆ ಮಂದ, ಮೂರನೆಯ ಸಲಕ್ಕೆ ಕಣ್ಣು ಕುಕ್ಕುವ ಮಿಣುಕು, ಆಮೇಲೆ ಆರುವುದು. ದೀಪ ಆರಿಸಬೇಕಾದರೆ ಮಿಣುಕನ್ನು ಹಾದೇ ಬರಬೇಕು. ಮಲಗಿದವರ ಕೋಣೆಯಲ್ಲಿ, ಬೆದರುವ ದನದ ಮುಂದೆ ಇದರಿಂದಾಗುವ ಕಿರಿಕಿರಿ ಬಳಸಿದವರಿಗೇ ಗೊತ್ತು. ಒಳ್ಳೆಯ ವಿನ್ಯಾಸಗಳೂ ಇಲ್ಲದಿಲ್ಲ. ಒತ್ತಿದರೆ ಹತ್ತುವುದು, ಒತ್ತಿದರೆ ಆರುವುದು, ಒತ್ತಿ ಹಿಡಿದರೆ ಬೆಳಕು ಮೆಲ್ಲಗೆ ಏರುವುದು ಎಂಬ ಕ್ರಮ ಲಾಟೀನಿನ ತಿರುಪಿಗೆ ಹತ್ತಿರವಾದದ್ದು. ತಪ್ಪು ಒತ್ತಿದರೂ ಅನಾಹುತವಿಲ್ಲ.

ಎಲೆಕ್ಟ್ರಾನಿಕ್ ಗುಂಡಿಗೆ ಇನ್ನೊಂದು ಗುಣವಿದೆ. ಟಾರ್ಚು ಆರಿದ್ದಾಗಲೂ ಚಿಪ್ಪು ಒತ್ತುವಿಕೆಗಾಗಿ ಕಾಯುತ್ತ ಅತ್ಯಲ್ಪ ವಿದ್ಯುತ್ತನ್ನು ಬಳಸುತ್ತಲೇ ಇರುತ್ತದೆ. ಪ್ರಬಲವಾದ ಟಾರ್ಚು ಜೇಬಿನಲ್ಲಿ ತಾನಾಗಿ ಹತ್ತಿಕೊಂಡರೆ ಬಟ್ಟೆ ಸುಡುವಷ್ಟು ಕಾಯಲೂಬಹುದು. ಅದಕ್ಕೆ ಬಲ್ಲವರು ಮಾಡುವ ಉಪಾಯ ಬುಡದ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿಡುವುದು. ಸೆಲ್ಲನ್ನು ತಲೆಕೆಳಗಾಗಿ ಹಾಕುತ್ತಿದ್ದ ಹಿರಿಯರ ಉಪಾಯವೇ ಬೇರೆ ರೂಪದಲ್ಲಿ ಮರಳಿದಂತಾಯಿತು.

ಫೋನಿನೊಳಗಿನ ಟಾರ್ಚು

ಕೊನೆಗೆ ಟಾರ್ಚು ಫೋನಿನೊಳಗೆ ಸೇರಿತು. 2003ರಲ್ಲಿ ಬಂದ ನೋಕಿಯಾ 1100 ಫೋನಿನ ತಲೆಯಲ್ಲಿ ಪುಟ್ಟ ದೀಪವಿತ್ತು. ಕರೆಂಟು ಹೋಗುವ ಊರುಗಳಲ್ಲಿ ಅದು ಬಹಳ ಜನಪ್ರಿಯವಾಯಿತು. ಇಪ್ಪತ್ತೈದು ಕೋಟಿಗೂ ಹೆಚ್ಚು ಫೋನುಗಳು ಮಾರಾಟವಾದವು. ದೀಪಕ್ಕೆ ನಿಜವಾದ ಕೀಲಿಯೊಂದಿತ್ತು. ಒತ್ತಿ ಹಿಡಿದರೆ ಬೆಳಕು. ಎರಡು ಸಲ ಒತ್ತಿದರೆ ನಿಂತ ಬೆಳಕು. ಜಾರುಗುಂಡಿಯ ಎರಡೂ ಕೆಲಸಗಳನ್ನು ಅದು ಉಳಿಸಿಕೊಂಡಿತ್ತು.

ಸ್ಪರ್ಶಪರದೆಯ ಫೋನಿನಲ್ಲಿ ಬೆಳಕು ಹೆಚ್ಚಿದೆ, ಕೀಲಿ ಹೋಗಿದೆ. ಪರದೆಯನ್ನು ಎಚ್ಚರಿಸಿ, ಬೆರಳಿನಿಂದ ಎಳೆದು, ಟಾರ್ಚಿನ ಚಿತ್ರವನ್ನು ಹುಡುಕಿ ಮುಟ್ಟಬೇಕು. ಬೆಳಕನ್ನು ಪಡೆಯಲು ಮೊದಲು ಕಣ್ಣಿಟ್ಟು ನೋಡಬೇಕು. ಪರದೆಯ ಹೊಳಪಿಗೆ ಕಣ್ಣು ಕತ್ತಲೆಯ ಹೊಂದಿಕೆಯನ್ನು ಕಳೆದುಕೊಳ್ಳುತ್ತದೆ. ಒದ್ದೆ ಬೆರಳಿಗೆ, ಕೆಸರಿನ ಕೈಗೆ ಪರದೆ ಸರಿಯಾಗಿ ಓಗೊಡುವುದಿಲ್ಲ. ಮೊಟೊರೋಲಾ ಫೋನುಗಳಲ್ಲಿ ಕತ್ತಿಯಿಂದ ಕೊಚ್ಚುವಂತೆ ಎರಡು ಸಲ ಕೈ ಬೀಸಿದರೆ ಟಾರ್ಚು ಹತ್ತುವ ಏರ್ಪಾಡು ಬಂದದ್ದು ಈ ತೊಡಕನ್ನು ಅರಿತೇ ಇರಬೇಕು. ಕಣ್ಣಿನ ಹಂಗಿಲ್ಲದೆ ತೋಳಿನಿಂದ ಬೆಳಕು ಪಡೆಯುವ ಹಳೆಯ ಪದ್ಧತಿಗೇ ಅದು ಮರಳಿದೆ.

ಯಾರ ಕೈಗೆ ಯಾವುದು?

ಇಷ್ಟೆಲ್ಲ ವಿವರ ಒಂದು ಗುಂಡಿಗೆ ಬೇಕೆ ಎನ್ನಿಸಬಹುದು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿಯ ಹೊತ್ತು ಬರುವ ಊರುಗಳ ರೈತರನ್ನು ಕೇಳಿದರೆ ಉತ್ತರ ಸಿಗುತ್ತದೆ. ಬದುವಿನ ಮೇಲೆ ನಡೆದು ಹೋಗಿ ಮೋಟರು ಹಾಕಿ ಬರಬೇಕು. ಆ ಹೊತ್ತಿನಲ್ಲಿ ಕೊಳಕುಮಂಡಲವೂ ಇಲಿಯನ್ನು ಅರಸಿ ಓಡಾಡುತ್ತಿರುತ್ತದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ, ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಕತ್ತಲೆಯಲ್ಲಿ ಬೆಳಕಿಲ್ಲದೆ ಹೆಜ್ಜೆ ಇಡಬೇಡಿ ಎಂಬುದು ತಜ್ಞರು ಹೇಳುವ ಮೊದಲ ಎಚ್ಚರಿಕೆಗಳಲ್ಲಿ ಒಂದು. ನೆಲದ ಮೇಲೆ ಮಲಗಿದವರನ್ನು ಕಡಿಯುವ ಕಟ್ಟುಹಾವಿನ ಭಯವಿರುವ ಕಡೆ ಟಾರ್ಚು ದಿಂಬಿನ ಪಕ್ಕದಲ್ಲಿರಬೇಕು. ನಿದ್ದೆಗಣ್ಣಿನಲ್ಲಿ ತಡಕಿದ ಕೈಗೆ ಅದು ಒಂದೇ ಒತ್ತಿಗೆ ಬೆಳಕು ಕೊಡಬೇಕು. ಮಿಣುಕನ್ನೋ, ಲೆಕ್ಕದ ಒಗಟನ್ನೋ ಅಲ್ಲ.

ಹಾಗೆ ನೋಡಿದರೆ ಎಲ್ಲರಿಗೂ ಸಲ್ಲುವ ಒಂದೇ ಟಾರ್ಚು ಇಲ್ಲ. ಹೊಲಕ್ಕೆ ಹೋಗುವವರಿಗೆ ಜಾರುಗುಂಡಿಯೋ ಅರ್ಧ ಒತ್ತಿದರೇ ಹತ್ತುವ ಬುಡಗುಂಡಿಯೋ ಮೇಲು. ಬೆಳಗಿನ ಜಾವ ರಬ್ಬರು ಮರಗಳ ಹಾಲು ತೆಗೆಯುವವರಿಗೆ ಕೈ ಬಿಡುವಾಗಿಡುವ ಹಣೆದೀಪವೇ ಸರಿ. ಅದರ ಗುಂಡಿ ಅಂಟುಗೈಗೂ ಸಿಗುವಷ್ಟು ದೊಡ್ಡದಿರಬೇಕು. ಗಂಟುನೋವಿನ ಬೆರಳಿರುವ ಹಿರಿಯರಿಗೆ ಗಟ್ಟಿಯಾದ ಬುಡಗುಂಡಿ ಒಗ್ಗದು. ಮಕ್ಕಳ ಓದಿಗೆ, ರಾತ್ರಿಯ ರೋಗಿ ಸೇವೆಗೆ ಮೊದಲ ಒತ್ತಿಗೆ ಮಂದ ಬೆಳಕು ಕೊಡುವುದು ಒಳ್ಳೆಯದು. ಡಬ್ಬಿಯ ಮೇಲೆ ಅಚ್ಚಾದ ದೊಡ್ಡ ಸಂಖ್ಯೆಗಳು ಇದಾವುದನ್ನೂ ಹೇಳುವುದಿಲ್ಲ.

ಪರೀಕ್ಷೆ ಮಾತ್ರ ಸುಲಭ. ಅಂಗಡಿಯಲ್ಲಿಯೇ ಕಣ್ಣು ಮುಚ್ಚಿ ಟಾರ್ಚನ್ನು ಕೈಗೆ ತೆಗೆದುಕೊಳ್ಳುವುದು, ಒಂದೇ ಕೈಯಲ್ಲಿ ಹತ್ತಿಸುವುದು, ಮತ್ತೆ ಆರಿಸುವುದು. ಮನೆಗೆ ತಂದ ಮೇಲೆ, ಏನೂ ಹೇಳದೆ ಅಜ್ಜಿಯ ಕೈಗೆ ಕೊಟ್ಟು ನೋಡುವುದು. ಹಾಡುಹಗಲಿನಲ್ಲಿ ಕಣ್ಣು ಮುಚ್ಚಿಕೊಂಡು ಗುಂಡಿ ತಡಕುವ ಗಿರಾಕಿಯನ್ನು ಕಂಡು ಅಂಗಡಿಯವನು ನಗಬಹುದು. ನಗಲಿ. ಬದುವಿನ ಮೇಲೆ ನಿಂತಾಗ ಅವನು ಜೊತೆಗಿರುವುದಿಲ್ಲ. ಕೈಯಲ್ಲಿರುವುದು ಆ ಗುಂಡಿ ಮಾತ್ರ.